ಪಿನ್ ಅಂದರೆ ಗುರುತೋ, ಸಹಿಯೋ? ಯುಪಿಐ ಬಳಸುವವರ ಮೆಂಟಲ್ ಮಾಡೆಲ್ ಹಿಡಿಯುವ ಕೆಲಸ

"ಯುಪಿಐ ಹೇಗೆ ಕೆಲಸ ಮಾಡುತ್ತೆ ಹೇಳಿ" ಎಂದು ಕಿರಾಣಿ ಅಂಗಡಿಯವರನ್ನು ನೇರವಾಗಿ ಕೇಳಿದರೆ ಎರಡು ಥರದ ಉತ್ತರ ಸಿಗುತ್ತದೆ. "ಅದೆಲ್ಲ ನಮಗೇನ್ ಗೊತ್ತು ಸರ್, ಸ್ಕ್ಯಾನ್ ಮಾಡ್ತಾರೆ, ದುಡ್ಡು ಬರುತ್ತೆ" ಎನ್ನುವುದು ಒಂದು. ಬ್ಯಾಂಕಿನವರೋ ಟಿವಿಯವರೋ ಹೇಳಿದ್ದನ್ನು ಹಾಗೇ ಒಪ್ಪಿಸುವುದು ಇನ್ನೊಂದು. ಸ್ಕ್ರೀನ್ ವಿನ್ಯಾಸ ಮಾಡುವವರಿಗೆ ಎರಡರಿಂದಲೂ ಪ್ರಯೋಜನವಿಲ್ಲ. ಅದೇ ಜನರನ್ನು "ಸೌಂಡ್ ಬಾಕ್ಸ್ ಆಫ್ ಆಗಿದೆ ಅಂತಿಟ್ಕೊಳ್ಳಿ. ಈಗ ಗಿರಾಕಿ ಸ್ಕ್ಯಾನ್ ಮಾಡಿದ್ರೆ ದುಡ್ಡು ಬರುತ್ತಾ?" ಎಂದು ಕೇಳಿ ಸುಮ್ಮನಿದ್ದು ನೋಡಿ. ಕಲಿತ ಮಾತು ಇಲ್ಲಿ ನೆರವಿಗೆ ಬರುವುದಿಲ್ಲ. ಉತ್ತರ ಹೇಳಬೇಕಾದರೆ ಅವರು ತಲೆಯೊಳಗೆ ಒಂದು ಸಣ್ಣ ಯಂತ್ರವನ್ನು ಓಡಿಸಿ ನೋಡಲೇಬೇಕು. ಮೆಂಟಲ್ ಮಾಡೆಲ್ ಎಂದು, ಆ್ಯಪ್ ಬಳಸುವವರನ್ನು ಅಧ್ಯಯನ ಮಾಡುವ ನಾವು ಹುಡುಕಿಕೊಂಡು ಹೋಗುವುದು ಆ ಯಂತ್ರವನ್ನೇ.

ಮನುಷ್ಯ ಲೋಕದ ಒಂದು ಚಿಕ್ಕ ಪ್ರತಿಯನ್ನು ಮನಸ್ಸಿನಲ್ಲಿ ಕಟ್ಟಿಕೊಂಡು, ಮುಂದೇನಾಗಬಹುದು ಎಂದು ಅದರ ಮೇಲೆ ಪರೀಕ್ಷಿಸಿ ನೋಡುತ್ತಾನೆ ಎಂಬ ವಿಚಾರವನ್ನು ಬ್ರಿಟನ್ನಿನ ಮನೋವಿಜ್ಞಾನಿ ಕೆನೆತ್ ಕ್ರೇಕ್ 1943ರಲ್ಲೇ ಮುಂದಿಟ್ಟಿದ್ದರು. 1983ರಲ್ಲಿ ಅಮೆರಿಕದ ವಿನ್ಯಾಸ ಚಿಂತಕ ಡಾನ್ ನಾರ್ಮನ್ ಅದಕ್ಕೆ ಉಪಯುಕ್ತವಾದ ಎಚ್ಚರಿಕೆಗಳನ್ನು ಸೇರಿಸಿದರು: ಈ ಮಾಡೆಲ್‌ಗಳು ಅಪೂರ್ಣ, ಬಳಸದಿದ್ದರೆ ಮರೆತುಹೋಗುತ್ತವೆ, ಒಂದರ ಗಡಿ ಇನ್ನೊಂದರೊಳಗೆ ನುಗ್ಗಿರುತ್ತದೆ, ಶಾಸ್ತ್ರಕ್ಕಿಂತ ನಂಬಿಕೆಯ ಮೇಲೆ ನಿಂತಿರುತ್ತವೆ. ಅಮೆರಿಕದ ಮನೆಗಳ ಥರ್ಮೋಸ್ಟಾಟ್ (ಇಟ್ಟ ಮಟ್ಟಕ್ಕೆ ಬಿಸಿ ಮುಟ್ಟಿದಾಗ ಹೀಟರ್ ನಿಲ್ಲಿಸುವ ಸ್ವಿಚ್) ಬಗ್ಗೆ 1986ರಲ್ಲಿ ಮಾನವಶಾಸ್ತ್ರಜ್ಞ ವಿಲೆಟ್ ಕೆಂಪ್ಟನ್ ಬರೆದದ್ದು ಈಗಲೂ ಈ ಕೆಲಸಕ್ಕೆ ಬುನಾದಿ. ಗುಂಡಿಯನ್ನು ಜಾಸ್ತಿ ತಿರುಗಿಸಿದಷ್ಟೂ ಮನೆ ಬೇಗ ಬಿಸಿಯಾಗುತ್ತದೆ, ಅಂದರೆ ಅದೊಂದು ನಲ್ಲಿ ಇದ್ದಹಾಗೆ ಎಂದು ಹಲವರು ತಿಳಿದಿದ್ದರು. ನಮ್ಮಲ್ಲಿ ಹಳೇ ಎಸಿಯನ್ನು 16ಕ್ಕೆ ಇಟ್ಟು ಬೇಗ ತಣ್ಣಗಾಗಲಿ ಎಂದು ಕಾಯುವವರು ನಂಬಿರುವುದೂ ಅದನ್ನೇ. ಕೆಂಪ್ಟನ್ ಅದನ್ನು ತಪ್ಪು ಎಂದು ತಳ್ಳಿಹಾಕಲಿಲ್ಲ. ಆ ನಂಬಿಕೆಯಿಂದ ಜನ ಮನೆಯಲ್ಲಿ ಏನು ಮಾಡುತ್ತಾರೆ, ಎಲ್ಲಿ ಅದೇ ಅವರಿಗೆ ಅನುಕೂಲ ಕೂಡ ಆಗುತ್ತದೆ ಎಂದು ನೋಡಿದರು. ನಾವು ಯುಪಿಐ ಮೇಲೆ ಮಾಡುವ ಕೆಲಸದ ಕ್ರಮವೂ ಅದೇ ದಾರಿಯದು. ನಾವು ಒಂದು ಪ್ರಶ್ನೆ ಸೇರಿಸುತ್ತೇವೆ, ಅಷ್ಟೆ: ಈ ನಂಬಿಕೆಯನ್ನು ಇವರಿಗೆ ಕಲಿಸಿದ್ದು ಯಾವುದು?

ಮೊದಲು ನಮ್ಮದೇ ನಕ್ಷೆ

"ಯುಪಿಐ ಬಗ್ಗೆ ಜನರ ಮಾಡೆಲ್" ಎಂದು ಹೊರಟರೆ ಕೆಲಸ ಮುಗಿಯುವುದೇ ಇಲ್ಲ. ಒಂದು ಘಟನೆಗೆ ಕಟ್ಟಿಹಾಕಿಕೊಳ್ಳಬೇಕು. ನಾವು ಹೆಚ್ಚಾಗಿ ಆರಿಸಿಕೊಳ್ಳುವುದು ದುಡ್ಡು ಕಟ್ ಆಗಿ ಅಂಗಡಿಗೆ ಬರದೆ ಇರುವ ಸಂದರ್ಭವನ್ನು. ಎಲ್ಲ ಸರಿಯಾಗಿ ನಡೆಯುವಾಗ ಯಾರ ಮಾಡೆಲ್ಲೂ ಹೊರಗೆ ಕಾಣುವುದಿಲ್ಲ, ಅದರ ಅಗತ್ಯವೂ ಯಾರಿಗೂ ಬೀಳುವುದಿಲ್ಲ.

ಬೀದಿಗೆ ಇಳಿಯುವ ಮುಂಚೆ ವ್ಯವಸ್ಥೆಯಲ್ಲಿ ನಿಜವಾಗಿ ನಡೆಯುವುದನ್ನು ಎಂಜಿನಿಯರುಗಳ ಜತೆ ಕೂತು ಬರೆದುಕೊಳ್ಳುತ್ತೇವೆ. ಗಿರಾಕಿ ಪಿನ್ ಹಾಕಿದ ಮೇಲೆ ಕೋರಿಕೆ ಆ್ಯಪ್‌ನಿಂದ ಎನ್‌ಪಿಸಿಐ (ಯುಪಿಐ ನಡೆಸುವ ರಾಷ್ಟ್ರೀಯ ಪಾವತಿ ನಿಗಮ) ಸ್ವಿಚ್‌ಗೆ, ಅಂದರೆ ಸಂದೇಶ ಹಂಚುವ ಕೇಂದ್ರ ವ್ಯವಸ್ಥೆಗೆ, ಹೋಗುತ್ತದೆ. ಅಲ್ಲಿಂದ ಕೊಡುವವರ ಬ್ಯಾಂಕಿಗೆ ‘ಇಷ್ಟು ಕಳೆ’ ಎಂಬ ಸಂದೇಶ. ಅದು ಆಯಿತು ಎಂದ ಮೇಲೆ ಪಡೆಯುವವರ ಬ್ಯಾಂಕಿಗೆ ‘ಇಷ್ಟು ಸೇರಿಸು’ ಎಂಬ ಸಂದೇಶ. ಎರಡನೇ ಬ್ಯಾಂಕ್ ನಿಗದಿತ ಸಮಯದಲ್ಲಿ ಉತ್ತರ ಕೊಡದಿದ್ದರೆ ವ್ಯವಹಾರ ಪಾಸೂ ಅಲ್ಲ ಫೇಲೂ ಅಲ್ಲ, ತ್ರಿಶಂಕು ಸ್ಥಿತಿ. ಗಮನಿಸಬೇಕಾದ್ದು, ಇಷ್ಟೂ ಹೊತ್ತು ದುಡ್ಡು ಎಂಬುದು ಎಲ್ಲಿಗೂ ಪ್ರಯಾಣ ಮಾಡಿಲ್ಲ. ಎರಡು ಬ್ಯಾಂಕುಗಳ ಲೆಕ್ಕದಲ್ಲಿ ನಮೂದು ಬದಲಾಗಿದೆ. ಬ್ಯಾಂಕುಗಳು ತಮ್ಮೊಳಗಿನ ಬಾಕಿಯನ್ನು ಆಮೇಲೆ ನಿವ್ವಳ ಲೆಕ್ಕ ಹಾಕಿ ತೀರಿಸಿಕೊಳ್ಳುತ್ತವೆ. ಇಷ್ಟನ್ನು ಹಾಳೆಯ ಮೇಲೆ ಬರೆಯುವಷ್ಟರಲ್ಲಿ ಒಂದೇ ತಂಡದ ಇಬ್ಬರು ಎಂಜಿನಿಯರುಗಳ ನಡುವೆ ವಾದ ಹುಟ್ಟುವುದುಂಟು. ಆ ವಾದವನ್ನೂ ಬರೆದುಕೊಳ್ಳಿ. ಒಳಗಿನವರಿಗೇ ಗೊಂದಲವಿರುವ ಜಾಗದಲ್ಲಿ ಸ್ಕ್ರೀನಿನ ಮಾತೂ ಮಸುಕಾಗಿಯೇ ಇರುತ್ತದೆ.

ಯಾರನ್ನು ಮಾತಾಡಿಸಬೇಕು ಎಂಬುದರ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಕಿಲ್ಲ. 3 ಗುಂಪು, ಒಂದೊಂದರಲ್ಲಿ 4–5 ಜನ ಸಾಕು. ಅಂಗಡಿ ಮಾಲೀಕರು, ಮಾಲೀಕರ ಫೋನ್ ಕೈಗೆ ಸಿಗದೆ ಸೌಂಡ್ ಬಾಕ್ಸ್ ಮಾತನ್ನೇ ನಂಬಿ ಸಾಮಾನು ಕೊಡುವ ಕೆಲಸದ ಹುಡುಗರು, ಮಕ್ಕಳ ಕೈಯಲ್ಲಿ ಆ್ಯಪ್ ಹಾಕಿಸಿಕೊಂಡ ಹಿರಿಯರು. ಎರಡನೇ ಗುಂಪನ್ನು ಬಿಡುವವರೇ ಹೆಚ್ಚು, ಯಾಕೆಂದರೆ ಅವರ ಹೆಸರಲ್ಲಿ ಖಾತೆ ಇರುವುದಿಲ್ಲ, ಪಟ್ಟಿಯಲ್ಲಿ ಬರುವುದಿಲ್ಲ. ಗಲಾಟೆಯ ಹೊತ್ತಲ್ಲಿ ಗಿರಾಕಿಯನ್ನು ನಿಲ್ಲಿಸಬೇಕೋ ಬಿಡಬೇಕೋ ಎಂದು ತೀರ್ಮಾನ ಮಾಡುವವರು ಮಾತ್ರ ಅವರೇ.

ಮಾತು ಹೊರಡಿಸುವುದು

ಒಬ್ಬರಿಗೆ 60ರಿಂದ 75 ನಿಮಿಷ. ಅಂಗಡಿಯಲ್ಲೇ, ಮಧ್ಯಾಹ್ನ ವ್ಯಾಪಾರ ತಣ್ಣಗಿರುವ ಹೊತ್ತಲ್ಲಿ. ಒಬ್ಬರು ಮಾತಾಡಿಸಲು, ಇನ್ನೊಬ್ಬರು ಬರೆದುಕೊಳ್ಳಲು. ಮೂರನೆಯವರು ಬಂದರೆ ಅದು ಪರೀಕ್ಷೆಯ ಹಾಲ್ ಆಗಿಬಿಡುತ್ತದೆ. ಒಪ್ಪಿಗೆ ಪತ್ರ ಕನ್ನಡದಲ್ಲಿರಬೇಕು ಮತ್ತು ಓದಿ ಹೇಳಬೇಕು. ಧ್ವನಿ ರೆಕಾರ್ಡ್ ಮಾಡುತ್ತೇವೆ. ಕೈ ಮತ್ತು ಫೋನ್ ಮಾತ್ರ ಕಾಣುವಂತೆ ಮೇಲಿನಿಂದ ಒಂದು ಕ್ಯಾಮೆರಾ ಇಡುತ್ತೇವೆ. ಪಿನ್ ಹಾಕುವ ಪ್ರಸಂಗ ಬಂದಾಗ ಕ್ಯಾಮೆರಾಕ್ಕೆ ಕೈ ಅಡ್ಡ ಇಟ್ಟು, ಇಟ್ಟಿದ್ದೇವೆ ಎಂದು ಅವರಿಗೆ ತೋರಿಸಬೇಕು. ನಮ್ಮದೇ ಒಂದು ಫೋನ್, ಅದರಲ್ಲಿ ಕಡಿಮೆ ಬ್ಯಾಲೆನ್ಸ್ ಇರುವ ಖಾತೆ, ₹1 ಮತ್ತು ₹10ರ ವ್ಯವಹಾರಗಳು. ಅವರ ಬ್ಯಾಲೆನ್ಸ್ ನೋಡುವ ಸಂದರ್ಭವನ್ನು ನಾವಾಗಿ ತಂದುಕೊಳ್ಳುವುದಿಲ್ಲ.

ಆರಂಭ ಯಾವಾಗಲೂ ನಡೆದ ಘಟನೆಯಿಂದ. "ಕೊನೇ ಸಲ ದುಡ್ಡು ಕಟ್ ಆಗಿ ಬರದೇ ಇದ್ದಿದ್ದು ಯಾವಾಗ? ಗಿರಾಕಿ ಏನಂದ್ರು? ನೀವೇನ್ ಮಾಡಿದ್ರಿ? ಆಮೇಲೆ?" ಈ ‘ಆಮೇಲೆ’ಯಷ್ಟು ಕೆಲಸಕ್ಕೆ ಬರುವ ಪ್ರಶ್ನೆ ಬೇರೆ ಇಲ್ಲ. ‘ಯಾಕೆ’ ಮಾತ್ರ ಬೇಡ. "ಯಾಕೆ ಹಾಗ್ ಮಾಡಿದ್ರಿ?" ಅಂದ ಕೂಡಲೇ ಎದುರಿನವರು ಸಮರ್ಥನೆಗೆ ಇಳಿಯುತ್ತಾರೆ, ಮುಂದಿನ ಹತ್ತು ನಿಮಿಷ ನಿಮಗೆ ಸಿಗುವುದು ಮಾಡೆಲ್ ಅಲ್ಲ, ವಕಾಲತ್ತು. ಅದರ ಬದಲು "ಆವಾಗ ದುಡ್ಡು ಎಲ್ಲಿತ್ತು ಅನ್ಸುತ್ತೆ?" ಎಂದು ಕೇಳಿ.

ಇನ್ನೊಂದು ಎಚ್ಚರಿಕೆ ಪದಗಳದ್ದು. ಆ್ಯಪ್‌ನ ಕನ್ನಡ ಸ್ಕ್ರೀನಿನಲ್ಲಿರುವ ‘ಪಾವತಿ’, ‘ವರ್ಗಾವಣೆ’, ‘ಪ್ರಕ್ರಿಯೆಯಲ್ಲಿದೆ’ ಎಂಬ ಪದಗಳನ್ನು ನಾವು ಮೊದಲು ಆಡುವಂತಿಲ್ಲ. ಆಡಿದರೆ ಮರ್ಯಾದೆಗೆ ಅವರೂ ಅದನ್ನೇ ಆಡುತ್ತಾರೆ. ಅವರು ‘ದುಡ್ಡು’ ಅಂದರೆ ನಮ್ಮದೂ ದುಡ್ಡು, ಹುಬ್ಬಳ್ಳಿ ಕಡೆಯ ಅಂಗಡಿಯಲ್ಲಿ ‘ರೊಕ್ಕ’ ಅಂದರೆ ನಮ್ಮದೂ ರೊಕ್ಕ. "ಕಟ್ ಆಯ್ತು" ಎನ್ನುವುದನ್ನೂ "ಕಟ್ ಮಾಡ್ಕೊಂಡ್ರು" ಎನ್ನುವುದನ್ನೂ ಟಿಪ್ಪಣಿಯಲ್ಲಿ ಒಂದೇ ಎಂದು ಬರೆಯಬಾರದು. ಎರಡನೆಯದನ್ನು ಕೇಳಿದಾಗ "ಯಾರು?" ಎಂದು ಮೆಲ್ಲಗೆ ಕೇಳಲೇಬೇಕು. ಬ್ಯಾಂಕಿನವರು, ಫೋನ್‌ಪೇನವರು, ಗೌರ್ಮೆಂಟಿನವರು, ಸಿಮ್ಮಿನವರು ಎಂದು ಬೇರೆ ಬೇರೆ ಉತ್ತರ ಬರುತ್ತದೆ. ದೂರು ಯಾರ ಹತ್ತಿರ ಹೋಗುತ್ತದೆ ಎಂಬುದನ್ನು ಆ ಉತ್ತರವೇ ಹೇಳಿಬಿಡುತ್ತದೆ.

ಘಟನೆ ಮುಗಿದ ಮೇಲೆ ‘ಹೀಗಾದರೆ’ ಪ್ರಶ್ನೆಗಳು. ಇಡೀ ಸಂದರ್ಶನದ ಸತ್ವ ಇರುವುದು ಇಲ್ಲಿಯೇ. ಆ್ಯಪ್ ಡಿಲೀಟ್ ಮಾಡಿದರೆ ಅದರಲ್ಲಿದ್ದ ದುಡ್ಡು? ಫೋನ್ ಕಳೆದುಹೋದರೆ? ಅಂಗಡಿ ಬಾಗಿಲು ಹಾಕಿ ಊರಿಗೆ ಹೋದಾಗ ಯಾರೋ ಬಾಗಿಲ ಮೇಲಿನ ಸ್ಟಿಕ್ಕರ್ ಸ್ಕ್ಯಾನ್ ಮಾಡಿದರೆ? ನಿಮ್ಮ ಫೋನಿನಲ್ಲಿ ನೆಟ್‌ವರ್ಕ್ ಇಲ್ಲ, ಗಿರಾಕಿಯ ಫೋನಿನಲ್ಲಿ ಇದೆ, ಆಗ? ಇಬ್ಬರ ಆ್ಯಪ್ ಬೇರೆ ಬೇರೆ ಆದರೆ? ಪ್ರತಿಯೊಂದರಲ್ಲೂ ವ್ಯವಸ್ಥೆಯ ಒಂದು ಭಾಗವನ್ನು ಕಿತ್ತು ತೆಗೆದಿರುತ್ತೇವೆ. ಯಾವ ಭಾಗ ತೆಗೆದರೆ ದುಡ್ಡು ನಿಲ್ಲುತ್ತದೆ ಎಂದು ಅವರು ಹೇಳುತ್ತಾರೋ, ಆ ಭಾಗ ಅವರ ಯಂತ್ರದಲ್ಲಿದೆ ಎಂದರ್ಥ. "ಹೌದು" ಅಥವಾ "ಇಲ್ಲ" ಬಂದರೆ ಅಲ್ಲಿಗೇ ಬಿಡದೆ "ಎಷ್ಟು ಗ್ಯಾರಂಟಿ? ನೂರು ರೂಪಾಯಿ ಪಂದ್ಯ ಕಟ್ತೀರಾ?" ಎಂದು ನಗುತ್ತ ಕೇಳಬಹುದು. ಕಟ್ಟುತ್ತೇನೆ ಎನ್ನುವ ಧೈರ್ಯಕ್ಕೂ, ಇರಬಹುದೇನೋ ಎನ್ನುವ ಅಳುಕಿಗೂ ನಕ್ಷೆಯಲ್ಲಿ ಬೇರೆ ಬೇರೆ ಗುರುತು ಹಾಕಬೇಕು.

ಚಿತ್ರ ಬರೆಸುವುದು ಇದಾದ ಮೇಲೆ, ಮೊದಲಲ್ಲ. ಬಿಳಿ ಹಾಳೆ ಕೊಟ್ಟ ಕೂಡಲೇ ದೊಡ್ಡವರು ಗಾಬರಿಯಾಗುತ್ತಾರೆ, "ನಂಗೆ ಡ್ರಾಯಿಂಗ್ ಬರಲ್ಲ" ಎಂದು ದೂರ ಸರಿಸುತ್ತಾರೆ. ಅದಕ್ಕೆ ಚೀಟಿಗಳನ್ನು ಇಡುತ್ತೇವೆ: ಗಿರಾಕಿ ಫೋನ್, ನನ್ನ ಫೋನ್, ಆ್ಯಪ್, ಬ್ಯಾಂಕ್, ಸ್ಟಿಕ್ಕರ್, ಸೌಂಡ್ ಬಾಕ್ಸ್, ಟವರ್, ಜತೆಗೆ 4–5 ಖಾಲಿ ಚೀಟಿ. ‘ಸರ್ವರ್’ ಎಂಬ ಚೀಟಿಯನ್ನು ಬೇಕೆಂತಲೇ ಇಡುವುದಿಲ್ಲ. ಬೇಕಾದವರು ಖಾಲಿ ಚೀಟಿಯಲ್ಲಿ ಬರೆಸುತ್ತಾರೆ. ಮೇಜಿನ ಮೇಲೆ ಜೋಡಿಸಿ, ಒಂದು ನಾಣ್ಯ ಕೊಟ್ಟು "ಈ ದುಡ್ಡನ್ನ ನಡೆಸಿ ತೋರ್ಸಿ" ಎನ್ನಬೇಕು. ನಾಣ್ಯ ಯಾವ ಚೀಟಿಯ ಮೇಲೆ ನಿಲ್ಲುತ್ತದೆ, ಎಲ್ಲಿ ಕೈ ತಡೆಯುತ್ತದೆ ಎಂಬುದನ್ನು ಕ್ಯಾಮೆರಾ ನೋಡಿಕೊಳ್ಳುತ್ತದೆ. ಬಾಯಿಯಲ್ಲಿ "ಬ್ಯಾಂಕಿಗೆ ಹೋಗುತ್ತೆ" ಎಂದವರ ಕೈ ನಾಣ್ಯವನ್ನು ಸೌಂಡ್ ಬಾಕ್ಸ್ ಮೇಲೆ ಇಡುವುದುಂಟು. ಹಾಗಾದಾಗ ಬಾಯಿಯ ಮಾತನ್ನೂ ಕೈಯ ಮಾತನ್ನೂ ಎರಡು ಸಾಲಾಗಿ ಬರೆಯಬೇಕು, ಒಂದನ್ನು ಆರಿಸಿಕೊಳ್ಳಬಾರದು.

ಕೊನೆಗೆ ಹೇಳಿಕೊಡುವ ಆಟ. "ನಿಮ್ಮ ಚಿಕ್ಕಮ್ಮ ಊರಿಂದ ಬಂದಿದ್ದಾರೆ, ಹೊಸಾ ಫೋನ್. ಅವರಿಗೆ ಹೇಳ್ಕೊಡಿ, ಏನ್ ಮಾಡ್ಬಾರ್ದು ಅನ್ನೋದನ್ನೂ ಹೇಳಿ." ಮಾಡಬಾರದ ಪಟ್ಟಿಯಲ್ಲಿ ಭಯಗಳಿರುತ್ತವೆ, ಭಯದ ಬುಡದಲ್ಲಿ ಮಾಡೆಲ್ ಇರುತ್ತದೆ.

ಇಷ್ಟರ ನಡುವೆ ಕೆಡುವುದೂ ಬೇಕಾದಷ್ಟಿದೆ. ಪಕ್ಕದಲ್ಲಿ ನಿಂತ ಮಗ ಉತ್ತರ ಹೇಳಿಬಿಡುತ್ತಾನೆ. ಅವನಿಗೆ ಬೇರೆ ಸಮಯ ಕೊಟ್ಟು, ಅವನನ್ನೂ ಒಬ್ಬ ಮಾಹಿತಿದಾರನಾಗಿ ಮಾಡಿಕೊಳ್ಳುವುದು ಸುಲಭದ ಉಪಾಯ. ಅದಕ್ಕಿಂತ ಕಷ್ಟದ್ದು, ನಮ್ಮ ಪ್ರಶ್ನೆಯೇ ಮಾಡೆಲ್ ಹುಟ್ಟಿಸುವುದು. ದುಡ್ಡು ಎಲ್ಲಿತ್ತು ಎಂದು ಎಂದೂ ಯೋಚಿಸದವರು ನಾವು ಕೇಳಿದ್ದಕ್ಕೆ ಸ್ಥಳದಲ್ಲೇ ಒಂದನ್ನು ಕಟ್ಟಿಕೊಡುತ್ತಾರೆ. ಜನ ತಮಗೆ ಗೊತ್ತಿದೆ ಎಂದುಕೊಂಡಿರುವುದು ವಿವರಿಸಹೊರಟಾಗ ಕರಗುತ್ತದೆ ಎಂಬುದನ್ನು ಮನೋವಿಜ್ಞಾನಿಗಳಾದ ರೋಜನ್‌ಬ್ಲಿಟ್ ಮತ್ತು ಕೈಲ್ 2002ರಲ್ಲಿ ತೋರಿಸಿದ್ದಾರೆ. ಕರಗಿದ ಜಾಗವನ್ನು ಮಾತು ತುಂಬಿಸಿಕೊಳ್ಳುತ್ತದೆ. ಇದನ್ನು ಪತ್ತೆ ಹಚ್ಚಲು ಅರ್ಧ ಗಂಟೆಯ ನಂತರ ಅದೇ ವಿಷಯವನ್ನು ಬೇರೆ ಬಾಗಿಲಿನಿಂದ ಕೇಳುತ್ತೇವೆ. ಎರಡೂ ಸಲ ಒಂದೇ ಯಂತ್ರ ಓಡಿದರೆ, ಜತೆಗೆ ಅದಕ್ಕೆ ಹೊಂದುವ ಒಂದು ಹಳೆಯ ನಡವಳಿಕೆ ಅವರ ಘಟನೆಯಲ್ಲೇ ಸಿಕ್ಕಿದರೆ, ಅದು ಅವರದು. ಇಲ್ಲದಿದ್ದರೆ ಚೀಟಿಯ ಮೂಲೆಯಲ್ಲಿ ಪ್ರಶ್ನಾರ್ಥಕ ಚಿಹ್ನೆ.

ತಪ್ಪು ತಿಳಿವಳಿಕೆಯನ್ನು ನಡುವೆ ತಿದ್ದಬಾರದು, ಆದರೆ ತಿದ್ದದೆ ಎದ್ದು ಬರಲೂಬಾರದು. ರೆಕಾರ್ಡರ್ ನಿಲ್ಲಿಸಿದ ಮೇಲೆ 10 ನಿಮಿಷ ಇದಕ್ಕೇ ಮೀಸಲು. ಸಂಭಾವನೆಯನ್ನು ಅವರು ಒಪ್ಪಿದರೆ ಯುಪಿಐ ಮೂಲಕ ಕೊಡುತ್ತೇವೆ. ಅದನ್ನೂ ಗಮನಿಸುತ್ತೇವೆ ಎಂದು ಮೊದಲೇ ಹೇಳಿರುತ್ತೇವೆ. ಬಂದಿದೆಯೇ ಎಂದು ಅವರು ಎಲ್ಲಿ ನೋಡುತ್ತಾರೆ? ಸೌಂಡ್ ಬಾಕ್ಸ್ ಕೂಗಿದರೆ ಸಾಕೇ, ಎಸ್ಸೆಮ್ಮೆಸ್ ಬೇಕೇ, ಬ್ಯಾಲೆನ್ಸ್ ತೆಗೆದು ನೋಡಬೇಕೇ? ಒಂದು ಗಂಟೆಯ ಮಾತಿಗಿಂತ ಈ ಅರ್ಧ ನಿಮಿಷ ಕೆಲವು ಸಲ ಹೆಚ್ಚು ಹೇಳುತ್ತದೆ.

ಪಿನ್‌ನ ಪ್ರಸಂಗ

ಕಲಿಸಿದ್ದು ಯಾವುದು ಎಂಬ ಪ್ರಶ್ನೆಯನ್ನು ನಾವು ಅಷ್ಟು ಹಟದಿಂದ ಹಿಡಿದುಕೊಂಡಿರುವುದಕ್ಕೆ ಪಿನ್ ಒಳ್ಳೆಯ ನಿದರ್ಶನ. ದುಡ್ಡು ಬರಬೇಕಾದರೂ ಪಿನ್ ಹಾಕಬೇಕು ಎಂದು ನಂಬಿದವರು ವಂಚನೆಗೆ ಸಿಕ್ಕಿದ ಸುದ್ದಿ ಎಲ್ಲರಿಗೂ ಗೊತ್ತು. ಹಳೇ ಸೋಫಾ ಮಾರಾಟಕ್ಕಿಟ್ಟವರಿಗೆ ಕೊಳ್ಳುವವನ ವೇಷದಲ್ಲಿ ಒಬ್ಬ ‘ಕಲೆಕ್ಟ್’ ಕೋರಿಕೆ (ಇಷ್ಟು ದುಡ್ಡು ಕೊಡಿ ಎಂದು ಕೇಳುವ ಸಂದೇಶ) ಕಳಿಸುತ್ತಿದ್ದ, "ದುಡ್ಡು ಬರೋಕೆ ಪಿನ್ ಹಾಕಿ ಮೇಡಂ" ಎನ್ನುತ್ತಿದ್ದ, ಹಾಕಿದ ಕೂಡಲೇ ಖಾತೆಯಿಂದ ಹೋಗುತ್ತಿತ್ತು. ಇದನ್ನು ಅಜ್ಞಾನ ಎಂದು ಬರೆದು ಮುಂದೆ ಹೋಗುವ ವರದಿಗಳೇ ಜಾಸ್ತಿ.

ಅದೇ ಜನರನ್ನು "ಪಿನ್ ಯಾವ್ಯಾವಾಗ ಕೇಳುತ್ತೆ?" ಎಂದು ವಿಚಾರಿಸಿ ನೋಡಿ. ಕಳಿಸುವಾಗ ಕೇಳುತ್ತದೆ, ಸರಿ. ಬ್ಯಾಲೆನ್ಸ್ ನೋಡುವಾಗಲೂ ಕೇಳುತ್ತದೆ. ಬ್ಯಾಲೆನ್ಸ್ ನೋಡಿದರೆ ಖಾತೆಯಿಂದ ಒಂದು ಪೈಸೆಯೂ ಹೋಗುವುದಿಲ್ಲ, ಆದರೂ ಅದೇ ಪುಟ, ಅದೇ 4 ಅಥವಾ 6 ಅಂಕಿ. ಎಟಿಎಂನಲ್ಲೂ ಹಾಗೆಯೇ ಅಭ್ಯಾಸವಾಗಿದೆ. ಇದನ್ನೆಲ್ಲ ನೋಡಿದವರು ‘ಪಿನ್ ಅಂದರೆ ನಾನೇ ಎಂದು ತೋರಿಸುವ ಗುರುತು’ ಎಂದು ತಿಳಿಯುವುದರಲ್ಲಿ ತಪ್ಪೇನಿದೆ? ಅವರಿಗೆ ಸಿಕ್ಕ ಸಾಕ್ಷ್ಯಕ್ಕೆ ಅದು ತಕ್ಕ ತೀರ್ಮಾನ. ದೊಡ್ಡ ಮೊತ್ತ ಬರುವಾಗ ಗುರುತು ಕೇಳುವುದು ಸಹಜ ಎಂದೂ ಅನ್ನಿಸುತ್ತದೆ. ಸ್ಪೀಡ್ ಪೋಸ್ಟ್, ಪಿಂಚಣಿ, ಚಿನ್ನದ ಸಾಲ, ಎಲ್ಲ ಕಡೆಯೂ ಪಡೆಯುವವರೇ ಸಹಿ ಹಾಕುವುದಲ್ಲವೇ? ಪಿನ್ ಅಂದರೆ ‘ನನ್ನ ಖಾತೆಯಿಂದ ಕಳೆಯಿರಿ’ ಎಂಬ ಸಹಿ ಎನ್ನುವ ಇನ್ನೊಂದು ಮಾಡೆಲ್ ಇದ್ದವರು ಈ ಬಲೆಗೆ ಬೀಳುವುದು ಕಷ್ಟ. ಎರಡೂ ಮಾಡೆಲ್‌ನವರು ದಿನನಿತ್ಯದ ಬಳಕೆಯಲ್ಲಿ ಒಂದೇ ಥರ ಕಾಣುತ್ತಾರೆ, ಇಬ್ಬರೂ ಸಲೀಸಾಗಿ ಸ್ಕ್ಯಾನ್ ಮಾಡುತ್ತಾರೆ. ಬಳಕೆಯ ಪರೀಕ್ಷೆಯಲ್ಲಿ ಎಷ್ಟು ಸೆಕೆಂಡ್ ಹಿಡಿಯಿತು ಎಂದು ಅಳೆದರೆ ಈ ವ್ಯತ್ಯಾಸ ಸಿಗುವುದೇ ಇಲ್ಲ.

ಪಿನ್ ಪುಟ ಆ್ಯಪ್ ತಂಡದ ಕೈಯಲ್ಲಿಲ್ಲ ಎಂಬುದು ವಿನ್ಯಾಸಕ್ಕೆ ಬಂದಾಗಿನ ತೊಡಕು. ಅದು ಎನ್‌ಪಿಸಿಐ ಎಲ್ಲ ಆ್ಯಪ್‌ಗಳಿಗೂ ಕೊಡುವ ಸಿದ್ಧ ತಂತ್ರಾಂಶದ (ಲೈಬ್ರರಿ) ಪುಟ. ಯಾವ ಆ್ಯಪ್‌ನಲ್ಲೂ ಅದರದೇ ಚಹರೆ, ಹಾಕಿದ ಅಂಕಿ ಆ್ಯಪ್‌ಗೂ ಕಾಣುವುದಿಲ್ಲ. ಹಾಗಾಗಿ ಅದಕ್ಕೆ ಮುಂಚಿನ ಪುಟ, ಬ್ಯಾಲೆನ್ಸ್ ನೋಡುವ ದಾರಿ, ಪಿನ್ ಹಾಕಿದ ಮೇಲಿನ ಪುಟ, ಇವುಗಳಲ್ಲೇ ಏನಾದರೂ ಮಾಡಬೇಕು. ವ್ಯಕ್ತಿಯಿಂದ ವ್ಯಕ್ತಿಗೆ ಕಳಿಸುವ ಕಲೆಕ್ಟ್ ಕೋರಿಕೆಯನ್ನು 2025ರ ಅಕ್ಟೋಬರ್ 1ರಿಂದ ಎನ್‌ಪಿಸಿಐ ನಿಲ್ಲಿಸಿದೆ. ಸೌಲಭ್ಯ ಹೋಯಿತು, ಮಾಡೆಲ್ ಹೋಗಲಿಲ್ಲ. ‘ಗುರುತು’ ಎಂದು ನಂಬಿದವರು ಈಗಲೂ ಹಾಗೇ ನಂಬುತ್ತಾರೆ, ಬ್ಯಾಲೆನ್ಸ್ ಪುಟ ದಿನವೂ ಅವರಿಗೆ ಅದೇ ಪಾಠ ಹೇಳುತ್ತಿದೆ. ಕಳ್ಳರಿಗೆ ಸ್ಕ್ಯಾನ್ ಮಾಡಿಸುವ ದಾರಿ ಇದ್ದೇ ಇದೆ.

ಚೀಟಿಯಿಂದ ನಕ್ಷೆಗೆ

ಒಂದು ಗಂಟೆಯ ರೆಕಾರ್ಡಿಂಗ್ ಅಕ್ಷರಕ್ಕೆ ಇಳಿಸಲು 4ರಿಂದ 6 ಗಂಟೆ ಬೇಕು. ಆಡಿದ ಕನ್ನಡದಲ್ಲೇ ಇಳಿಸಬೇಕು. "ಮಧ್ಯದಲ್ಲಿ ಸಿಕ್ಕಾಕ್ಕೊಂಡೈತೆ" ಎಂದದ್ದನ್ನು ಇಂಗ್ಲಿಷ್ ವರದಿಗೆ ಅನುಕೂಲವಾಗಲಿ ಎಂದು ‘ಟ್ರಾನ್ಸಾಕ್ಷನ್ ಪೆಂಡಿಂಗ್’ ಮಾಡಿದರೆ ನಕ್ಷೆ ಬರೆಯಲು ಏನೂ ಉಳಿಯುವುದಿಲ್ಲ. ಆಮೇಲೆ ಒಂದು ಚೀಟಿಗೆ ಒಂದು ಊಹೆ. ಚೀಟಿಯ ಮೇಲೆ ಅವರ ಮಾತು, ಯಾರದು ಎಂಬ ಸಂಕೇತ, ರೆಕಾರ್ಡಿಂಗಿನ ನಿಮಿಷ, ಮತ್ತೆ ಅದು ಕಣ್ಣಾರೆ ಕಂಡದ್ದೋ ಯಾರೋ ಹೇಳಿದ್ದೋ ತಾವೇ ಊಹಿಸಿದ್ದೋ ಎಂಬ ಗುರುತು.

ಇಬ್ಬರು ಪ್ರತ್ಯೇಕವಾಗಿ ಕೂತು ಮೊದಲು ಒಬ್ಬೊಬ್ಬರದೇ ನಕ್ಷೆ ಬರೆಯುತ್ತೇವೆ. ವಸ್ತುಗಳು ಚೌಕದಲ್ಲಿ, ನಡುವೆ ಬಾಣ, ಬಾಣದ ಮೇಲೆ ಅವರದೇ ಕ್ರಿಯಾಪದ: ‘ಕೊಡುತ್ತೆ’, ‘ಕೇಳುತ್ತೆ’, ‘ಬಿಡಲ್ಲ’, ‘ತಡೀತಾರೆ’. ಬಾಣದ ಮೇಲೆ ಏನೂ ಬರೆಯದ ನಕ್ಷೆಯನ್ನು ನಾವು ಒಪ್ಪುವುದಿಲ್ಲ. ಇಬ್ಬರ ನಕ್ಷೆ ಬೇರೆಯಾದರೆ ರೆಕಾರ್ಡಿಂಗಿಗೆ ಮರಳಬೇಕು. ಇಷ್ಟು ಕಡಿಮೆ ಜನರಿರುವಾಗ ಒಮ್ಮತದ ಅಂಕಿ ಲೆಕ್ಕ ಹಾಕುವುದಕ್ಕಿಂತ, ಯಾವ ಮಾತನ್ನು ಇಬ್ಬರೂ ಬೇರೆ ಬೇರೆ ಓದಿಕೊಂಡೆವು ಎಂಬ ಟಿಪ್ಪಣಿ ಹೆಚ್ಚು ಬೆಲೆಯದು.

ಈಗ ಎಲ್ಲರದನ್ನೂ ಸೇರಿಸಿ ಒಂದು ‘ಸರಾಸರಿ ಬಳಕೆದಾರ’ನ ನಕ್ಷೆ ಮಾಡುವ ಆಸೆ ಹುಟ್ಟುತ್ತದೆ. ಅದು ಯಾರ ತಲೆಯಲ್ಲೂ ಇಲ್ಲದ ನಕ್ಷೆ. ಒಂದೇ ಥರ ಓಡುವವನ್ನು ಮಾತ್ರ ಒಟ್ಟಿಗೆ ಇಡಬೇಕು; ಸಾಮಾನ್ಯವಾಗಿ 3–4 ಗುಂಪು ನಿಲ್ಲುತ್ತವೆ. ನಮ್ಮಲ್ಲಿ ಗೋಡೆಯ ಮೇಲೆ ಉಳಿಯುವ ಹೆಸರುಗಳು ಗಲ್ಲಾ, ಪಾರ್ಸೆಲ್, ಸಾಹೇಬರು. ಗಲ್ಲಾದಲ್ಲಿ ದುಡ್ಡು ಆ್ಯಪ್ ಅಥವಾ ಸೌಂಡ್ ಬಾಕ್ಸ್ ಒಳಗೇ ಬಂದು ಕೂರುತ್ತದೆ. ಪಾರ್ಸೆಲ್‌ನಲ್ಲಿ ಅದು ಹೊರಟಿದೆ, ದಾರಿಯಲ್ಲಿದೆ, ತಡವಾದರೂ ಬಂದೇ ಬರುತ್ತದೆ. ಸಾಹೇಬರ ಮಾಡೆಲ್‌ನಲ್ಲಿ ‘ಸರ್ವರ್’ ಎಂಬ ಯಾರೋ ಒಬ್ಬರು ಪಾಸು ಮಾಡಬೇಕು, ಅವರಿಗೆ ರಶ್ ಇದ್ದರೆ ತಡ. ಒಬ್ಬರೇ ಬೆಳಿಗ್ಗೆ ಪಾರ್ಸೆಲ್ ಆಗಿದ್ದು ದೊಡ್ಡ ಮೊತ್ತ ಸಿಕ್ಕಿಬಿದ್ದಾಗ ಸಾಹೇಬರಿಗೆ ಜಿಗಿಯುವುದೂ ಇದೆ. ಆದ್ದರಿಂದ ಗುಂಪು ಮಾಡುವುದು ಮಾಡೆಲ್‌ಗಳನ್ನು, ಮನುಷ್ಯರನ್ನಲ್ಲ.

ಪ್ರತಿ ಮಾಡೆಲ್‌ನ ಕೆಳಗೆ ಒಂದು ಕೋಷ್ಟಕ. ಸಂದರ್ಭ, ಆಡಿದ ಮಾತು, ಊಹೆ, ಅದರಿಂದ ಮಾಡುವ ಕೆಲಸ, ಕಲಿಸಿದ್ದು, ವ್ಯವಸ್ಥೆಯಲ್ಲಿ ನಡೆಯುವುದು. ‘ಸರಿ’, ‘ತಪ್ಪು’ ಎಂಬ ಕಾಲಂ ಇಲ್ಲ. ಗಲ್ಲಾವನ್ನೇ ತೆಗೆದುಕೊಳ್ಳಿ. ಸೌಂಡ್ ಬಾಕ್ಸ್‌ಗೆ ಅದರದೇ ಸಿಮ್ ಇರುತ್ತದೆ, ದುಡ್ಡು ಜಮಾ ಆಯಿತು ಎಂಬ ಸುದ್ದಿ ಬಂದರೆ ಕೂಗುತ್ತದೆ. ಆಫ್ ಇದ್ದರೂ ಖಾತೆಗೆ ಬರುವುದು ಬರುತ್ತದೆ. ಆದರೆ ಕ್ಯೂಆರ್ ಕೋಡ್ ಅಂಟಿರುವುದು ಆ ಪೆಟ್ಟಿಗೆಯ ಮುಖದ ಮೇಲೆಯೇ. ಗಿರಾಕಿ ಫೋನ್ ಹಿಡಿಯುವುದು ಅದರ ಎದುರಿಗೆ, ಮೊತ್ತ ಕೂಗುವುದೂ ಅದೇ, ಕೂಗುವ ತನಕ ಗಿರಾಕಿಯನ್ನು ಬಿಡುವಂತಿಲ್ಲ. ಕಲಿಸಿದ್ದು ಎಂಬ ಕಾಲಂನಲ್ಲಿ ಇಷ್ಟನ್ನು ಬರೆದ ಮೇಲೆ ಪೆಟ್ಟಿಗೆ ದುಡ್ಡು ನುಂಗುತ್ತದೆ ಎನ್ನುವುದು ವಿಚಿತ್ರವಾಗಿ ಕಾಣುವುದಿಲ್ಲ. ಅದರಿಂದ ಆಗುವ ಕೆಲಸವೇನು? ಚಾರ್ಜ್ ಮುಗಿದ ಹೊತ್ತಲ್ಲಿ ಕೆಲಸದ ಹುಡುಗ ಯುಪಿಐ ಬೇಡ, ಕ್ಯಾಶ್ ಕೊಡಿ ಎನ್ನುತ್ತಾನೆ, ಅಥವಾ ಕಟ್ಟಿದವರ ಹತ್ತಿರವೇ ಇನ್ನೊಮ್ಮೆ ಕಟ್ಟಿಸುತ್ತಾನೆ. ಸಾಹೇಬರ ಮಾಡೆಲ್‌ನವರ ಅಪಾಯ ಬೇರೆ. ಪಾಸು ಮಾಡುವವರನ್ನು ಹುಡುಕಿಕೊಂಡು ಅಂತರ್ಜಾಲದಲ್ಲಿ ಕಸ್ಟಮರ್ ಕೇರ್ ನಂಬರ್ ಹುಡುಕುತ್ತಾರೆ, ನಕಲಿ ನಂಬರಿನವರು ಕಾದಿರುತ್ತಾರೆ.

ಹೊಸದಾಗಿ ಈ ಕೆಲಸಕ್ಕೆ ಬಂದವರು ಇದನ್ನು ಬಳಕೆದಾರರ ಸಂಶೋಧಕಿ ಇಂಡಿ ಯಂಗ್ ಅವರ ಮೆಂಟಲ್ ಮಾಡೆಲ್ ಚಿತ್ರದ ಜತೆ ಬೆರೆಸುವುದುಂಟು. ಅವರು 2008ರಲ್ಲಿ ವಿವರಿಸಿದ ಚಿತ್ರ ಜನರ ಕೆಲಸ, ಆಲೋಚನೆಗಳನ್ನು ಗೋಪುರಗಳಾಗಿ ಮೇಲೆ ಜೋಡಿಸಿ, ಅವಕ್ಕೆ ನೆರವಾಗುವ ಸೌಲಭ್ಯಗಳನ್ನು ಕೆಳಗೆ ಹೊಂದಿಸಿ ಎಲ್ಲಿ ಖಾಲಿ ಇದೆ ಎಂದು ತೋರಿಸುತ್ತದೆ. ಏನು ಕಟ್ಟಬೇಕು ಎಂಬ ಪ್ರಶ್ನೆಗೆ ಅದು. ಕಟ್ಟಿದ್ದು ಜನರಿಗೆ ಹೇಗೆ ಓಡುವಂತೆ ಕಾಣುತ್ತದೆ ಎಂಬ ಪ್ರಶ್ನೆಗೆ ನಾವು ಹೇಳುತ್ತಿರುವುದು. ಯಾರಾದರೂ "ಮೆಂಟಲ್ ಮಾಡೆಲ್ ಮಾಡಿಕೊಡಿ" ಎಂದರೆ ಯಾವುದು ಬೇಕು ಎಂದು ಮೊದಲೇ ಕೇಳಿಕೊಳ್ಳುವುದು ಕ್ಷೇಮ.

ನಕ್ಷೆಯನ್ನು ಸ್ಕ್ರೀನಿಗೆ ಒಡ್ಡುವುದು

ನಕ್ಷೆ ಸರಿಯಿದ್ದರೆ ಅದು ಭವಿಷ್ಯ ಹೇಳಬೇಕು. ಪೆಂಡಿಂಗ್ ಪುಟದ ಎರಡು ಮೂರು ಬರಹಗಳನ್ನು ಕಾಗದದ ಮೇಲೆ ಮಾಡಿ, ಯಾವ ಮಾಡೆಲ್‌ನವರು ಯಾವುದಕ್ಕೆ ಏನು ಮಾಡುತ್ತಾರೆ ಎಂದು ಮೊದಲೇ ಬರೆದಿಟ್ಟು, ಹೊಸ 5–6 ಜನರಿಗೆ ತೋರಿಸುತ್ತೇವೆ. ‘ನಿಮ್ಮ ಪಾವತಿ ಪ್ರಕ್ರಿಯೆಯಲ್ಲಿದೆ’ ಎಂಬ ವಾಕ್ಯ ಪಾರ್ಸೆಲ್‌ನವರಿಗೆ ‘ದಾರಿಯಲ್ಲಿದೆ’ ಎಂದೂ ಸಾಹೇಬರವರಿಗೆ ‘ಪಾಸಾಗಬೇಕು’ ಎಂದೂ ಕೇಳಿಸುತ್ತದೆ, ಗಲ್ಲಾದವರಿಗೆ ಏನೂ ಕೇಳಿಸುವುದಿಲ್ಲ. ‘ನಿಮ್ಮ ಬ್ಯಾಂಕ್ ₹240 ಕಳೆದಿದೆ. ಅಂಗಡಿಯವರ ಬ್ಯಾಂಕ್ ಇನ್ನೂ ಉತ್ತರ ಕೊಟ್ಟಿಲ್ಲ. ಈಗ ಮತ್ತೆ ಕಟ್ಟಬೇಡಿ’ ಎಂದರೆ ಮೂವರಿಗೂ ದುಡ್ಡಿನ ಜಾಗ ಸಿಗುತ್ತದೆ, ಮುಂದಿನ ಹೆಜ್ಜೆಯೂ ಸಿಗುತ್ತದೆ.

ಯಾವಾಗ ವಾಪಸ್ ಬರುತ್ತದೆ ಎಂಬ ಸಾಲು ಸೇರಿಸಹೊರಟಾಗ ಒಂದು ಗಂಟು ಬಿಚ್ಚಿಕೊಳ್ಳುತ್ತದೆ. ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ ಸುತ್ತೋಲೆಯ ಪ್ರಕಾರ, ವ್ಯಕ್ತಿಗೆ ಕಳಿಸಿದ್ದು ಜಮಾ ಆಗದಿದ್ದರೆ ವ್ಯವಹಾರದ ಮರುದಿನದೊಳಗೆ ತಾನಾಗಿ ವಾಪಸಾಗಬೇಕು, ವ್ಯಾಪಾರಿಗೆ ಕಟ್ಟಿದ್ದಾದರೆ 5 ದಿನದೊಳಗೆ. ಮೀರಿದರೆ ದಿನಕ್ಕೆ ₹100 ಪರಿಹಾರ. ತರಕಾರಿ ಗಾಡಿಯ ಮೇಲಿನ ಸ್ಟಿಕ್ಕರ್ ವ್ಯಾಪಾರಿ ಖಾತೆಯದೋ, ಗಾಡಿಯವರ ಸ್ವಂತ ಖಾತೆಯದೋ ಕಟ್ಟುವವರಿಗೆ ಕಾಣುವುದಿಲ್ಲ. ಅವರ ಯಾವ ಮಾಡೆಲ್‌ನಲ್ಲೂ ಆ ವ್ಯತ್ಯಾಸವೇ ಇಲ್ಲ. ಆದ್ದರಿಂದ ನಿಯಮವನ್ನು ವಿವರಿಸುವ ಸಾಲು ಬೇಡ. ಆ್ಯಪ್‌ಗೆ ಗೊತ್ತಿರುವ ಪ್ರಕಾರವನ್ನು ನೋಡಿ ಒಂದೇ ತಾರೀಖು ತೋರಿಸಬೇಕು. ‘5 ದಿನದಲ್ಲಿ’ ಎನ್ನುವುದಕ್ಕಿಂತ ‘ಗುರುವಾರ ರಾತ್ರಿಯೊಳಗೆ’ ಎನ್ನುವುದು ಲೇಸು, ಭಾನುವಾರ ಲೆಕ್ಕಕ್ಕುಂಟೋ ಇಲ್ಲವೋ ಎಂಬ ಚರ್ಚೆ ಅಂಗಡಿ ಕಟ್ಟೆಯ ಮೇಲೆ ನಡೆಯುವುದು ತಪ್ಪುತ್ತದೆ.

ಕಡತಕ್ಕೆ ಹಾಕುವಾಗ ಪ್ರತಿ ನಕ್ಷೆಯ ಮೂಲೆಯಲ್ಲಿ ತಾರೀಖು, ಆ್ಯಪ್‌ನ ಆವೃತ್ತಿ, ಊರು ಮತ್ತು ಆಗ ಬಳಕೆಯಲ್ಲಿದ್ದ ಸೌಂಡ್ ಬಾಕ್ಸ್ ಯಾವ ಥರದ್ದು ಎಂಬುದನ್ನು ಬರೆಯಿರಿ. ಕಲಿಸಿದ್ದು ಎಂಬ ಕಾಲಂನಲ್ಲಿರುವ ಸ್ಕ್ರೀನುಗಳ ಚಿತ್ರವನ್ನು ಜತೆಗೇ ಲಗತ್ತಿಸಿ. ಆ್ಯಪ್‌ನ ಹೊಸ ಆವೃತ್ತಿ ಬಂದಾಗ ಇಡೀ ಅಧ್ಯಯನ ಮತ್ತೆ ಮಾಡಬೇಕಿಲ್ಲ; ಆ ಚಿತ್ರಗಳಲ್ಲಿ ಯಾವುದು ಬದಲಾಯಿತು ಎಂದು ನೋಡಿ, ಅದಕ್ಕೆ ಅಂಟಿಕೊಂಡ ಊಹೆಗಳನ್ನಷ್ಟೇ ಮತ್ತೆ ಕೇಳಿಕೊಂಡು ಬಂದರೆ ಆಯಿತು.